ಬಾಯೊಳಗಿನ ಬೆಂಕಿ

“ಬಾಯಿ ಬಿಡಜ್ಜಿ,” ಎಂದ ಕಾವಲುಗಾರ ಬರಾಸ.

ಅಕೆಯೊ ಬಾಯಿ ಬಿಡಲಿಲ್ಲ. ಆಸ್ಪತ್ರೆಯ ಅಂಗಳದ ಬೇವಿನ ಮರದಡಿಯ ಬೆಂಚಿನಲ್ಲಿ, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು, ಚರ್ಚಿನಲ್ಲಿ ಕೂತವಳ ಹಾಗೆ ನೆಟ್ಟಗೆ ಕೂತಿದ್ದಳು. ಬೆಂಚಿನ ಹಿಂದೆಯೇ ಗೋಡೆಗೆ ಹಲಗೆ ಹೊಡೆದಿದ್ದರು: ಇಲ್ಲಿ ಸಿಗರೇಟು ಸೇದಕೂಡದು, ಸೇದಿದರೆ ದಂಡ. ಓದಲು ಬಾರದವರಿಗೆಂದು ಸಿಗರೇಟಿನ ಚಿತ್ರ ಬರೆದು ಅದರ ಮೇಲೊಂದು ಕೆಂಪು ಗೀಟು ಎಳೆದಿದ್ದರು.

“ವಾಸನೆ ಘಮ್ ಅಂತಿದೆ. ಸುತ್ತ ನೋಡಿದ್ರೆ ನೀನೊಬ್ಳೇ. ನಾನೇನು ಮೂಗು ಮನೇಲಿ ಬಿಟ್ಟು ಬಂದಿದೀನಾ?”

ಅಷ್ಟರಲ್ಲಿ ಅವಳ ಮೂಗಿನಿಂದ ಹೊಗೆಯ ಸಣ್ಣ ಎಳೆಯೊಂದು ತಪ್ಪಿಸಿಕೊಂಡಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅಕೆಯೊ ತುಟಿ ಬಿಚ್ಚಿ ಮೋಟು ಸಿಗರೇಟನ್ನು ಹೊರಗೆಳೆದಳು. ಉರಿಯುತ್ತಿದ್ದ ತುದಿಯೇ ಒಳಗಿತ್ತು.

“ಅಯ್ಯೋ ದೇವ್ರೇ! ಬೆಂಕಿ ಕಡೆ ಒಳಗಿಟ್ಕೊಂಡು ಸೇದ್ತೀಯಾ? ಸುಡಲ್ವಾ?”

“ಸವತಿ ಜೊತೆ ಬಾಳಿದೋಳಿಗೆ ಇದ್ಯಾವ ಸುಡೋದಪ್ಪ?”

ಬರಾಸನಿಗೆ ನಗು ತಡೆಯಲಾಗಲಿಲ್ಲ. ಆದರೂ ಲಾಠಿಯಿಂದ ಹಿಂದಿನ ಗೇಟು ತೋರಿಸಿದ. “ಅದರಾಚೆ ತಗಡಿನ ಚಪ್ಪರ ಇದೆ ನೋಡು, ಸುತ್ತ ಹಳದಿ ಗೀಟು ಎಳೆದಿದಾರೆ. ಸೇದೋರ ಜಾಗ ಅದು. ಅಲ್ಲಿ ಹೊಗೆಯಾದ್ರೂ ಬಿಡು, ಬೆಂಕಿಯಾದ್ರೂ ನುಂಗು. ಇಲ್ಲಿ ಮಾತ್ರ ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

ಸರೋವರದ ದಡದ ಆ ಹಳ್ಳಿಗಳಲ್ಲಿ ಅವಳ ವಯಸ್ಸಿನ ಹೆಂಗಸರು ಸೇದುತ್ತಿದ್ದದ್ದೇ ಹಾಗೆ. ಗಾಳಿಗೆ ಬೆಂಕಿ ಆರುವುದಿಲ್ಲ, ಅತ್ತೆಯ ಕಣ್ಣಿಗೂ ಬೀಳುವುದಿಲ್ಲ. ಅಕೆಯೊ ಎರಡನೆಯ ಹೆಂಡತಿಯಾಗಿ ಆ ಮನೆಗೆ ಬಂದ ಹೊಸತರಲ್ಲಿ, ಅಡುಗೆ ಗುಡಿಸಲ ಹಿಂದೆ ಕೂರಿಸಿಕೊಂಡು ಅದನ್ನು ಕಲಿಸಿದವಳು ಮೊದಲ ಹೆಂಡತಿ ದಿಬೋರಾ. ಆಮೇಲೆ ದಿಬೋರಾಗೆ ಗಂಡುಮಕ್ಕಳ ಸಾಲೇ ಹುಟ್ಟಿತು. ಅಕೆಯೊಗೆ ಹುಟ್ಟಿದ್ದು ಇಬ್ಬರೂ ಹೆಣ್ಣು. ಜಗಳವೇನೂ ಆಗಲಿಲ್ಲ. ಮಾತು ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂತು. ಗಂಡ ತೀರಿಕೊಂಡ ಮೇಲೆ ಒಬ್ಬಳ ಒಲೆಯ ಕೆಂಡ ಇನ್ನೊಬ್ಬಳ ಮನೆಗೆ ಹೋಗುತ್ತಿತ್ತು, ಅಷ್ಟೇ.

ಈಗ ದಿಬೋರಾ ಎದೆಯಲ್ಲಿ ನೀರು ತುಂಬಿ ಇದೇ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದಳು. ಗಂಡುಮಕ್ಕಳಿಗೆ ಬಿಡುವಿರಲಿಲ್ಲ. ದಿನವೂ ಮೀನು, ಮುದ್ದೆ ಕಟ್ಟಿಕೊಂಡು ಬರುತ್ತಿದ್ದವಳು ಅಕೆಯೊ.

“ನಾತ ಹೊಡೀತಿದೀಯ,” ಎಂದಳು ದಿಬೋರಾ, ಅಕೆಯೊ ಹಾಸಿಗೆಯ ಬಳಿ ಬಂದದ್ದೇ ತಡ. ಕಣ್ಣು ಮುಚ್ಚಿ ಮೂಗಿನ ತುಂಬ ಉಸಿರೆಳೆದುಕೊಂಡಳು. “ಒಳ್ಳೇ ನಾತ. ನಂಗೂ ಒಂದು ತಂದ್ಕೊಡು.”

“ನರ್ಸಮ್ಮ ಕೊಂದು ಹಾಕ್ತಾಳೆ.”

“ಕೊಲ್ಲೋಕೆ ಇನ್ನೇನು ಉಳಿದಿದೆ ಇಲ್ಲಿ? ಬಾಯೊಳಗಿದ್ರೆ ಯಾರಿಗೆ ಕಾಣತ್ತೆ?”

ಅಕೆಯೊ ಮೀನಿನ ಮುಳ್ಳು ಬಿಡಿಸತೊಡಗಿದಳು. ಅವಳಿಗೆ ಕೇಳಬೇಕಾದ ಮಾತೊಂದಿತ್ತು. ದಿಬೋರಾಳ ಹಿರಿಮಗ ಒಗ್ವೆನೊ ಭಾನುವಾರ ಹಗ್ಗ ಹಿಡಿದು ಬಂದು ಅಕೆಯೊಳ ಅಡುಗೆಮನೆಯಿಂದ ಬೇಲಿಯವರೆಗೆ ಅಳೆದು ಹೋಗಿದ್ದ. ಆ ಜಾಗದಲ್ಲಿ ಬಾಡಿಗೆ ಅಂಗಡಿ ಕಟ್ಟಿಸುತ್ತಾನಂತೆ. ದಿಬೋರಾ ಕಣ್ಣು ಮುಚ್ಚಿದರೆ ತಾನೆಲ್ಲಿಗೆ ಹೋಗಬೇಕು? ಅಳಿಯನ ಮನೆಯಲ್ಲಿ ಹೋಗಿ ಕೂರುವ ನಾಚಿಕೆಗೇಡು ಅವರ ಕುಲದಲ್ಲೇ ಇರಲಿಲ್ಲ. ಆದರೆ ಕಂಡಕಂಡವರ ಕಿವಿಯಿರುವ ವಾರ್ಡಿನಲ್ಲಿ, ಇಷ್ಟು ಕಾಲ ಏನನ್ನೂ ಬೇಡದವಳು, ಸಾಯಲಿರುವ ಸವತಿಯ ಹತ್ತಿರ ಸೂರು ಬೇಡುವುದು ಹೇಗೆ? ಅವಳು ಆಸೆಪಟ್ಟದ್ದನ್ನು ತಂದುಕೊಟ್ಟರೆ ಕೇಳಲು ಬಾಯಿ ಬರಬಹುದು ಅನ್ನಿಸಿತು.

ಮರುದಿನ ಅಕೆಯೊ ತಗಡಿನ ಚಪ್ಪರದಲ್ಲಿ ಸಿಗರೇಟು ಹೊತ್ತಿಸಿ, ಬೆಂಕಿಯನ್ನು ಒಳಗೆ ತಿರುಗಿಸಿ, ತುಟಿ ಬಿಗಿದುಕೊಂಡು ಗೇಟು ದಾಟಿದಳು. “ಹೇಗಿದಾಳೆ ನಿನ್ನ ಸವತಿ?” ಎಂದ ಬರಾಸನಿಗೆ ತಲೆಯಲ್ಲಾಡಿಸಿದಳು. ವಾರ್ಡಿನ ಬಾಗಿಲಲ್ಲಿ ಯಾರೂ ತಡೆಯಲಿಲ್ಲ.

ಹಾಸಿಗೆ ಇನ್ನೂ ಸ್ವಲ್ಪ ದೂರವಿರುವಾಗ ಅವಳ ಕಾಲು ನಿಂತಿತು. ದಿಬೋರಾಳ ಮೂಗಿಗೆ ಇವತ್ತು ಕೊಳವೆ ಸಿಕ್ಕಿಸಿದ್ದರು. ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಸಿಲಿಂಡರು ಸುಯ್ಯೆನ್ನುತ್ತಿತ್ತು. ಅದರಿಂದಲೇ ಇನ್ನೊಂದು ಕೊಳವೆ ಪಕ್ಕದ ಮಂಚದ ಹೆಣ್ಣುಮಗುವಿನ ಮುಖಕ್ಕೆ ಹೋಗಿತ್ತು. ಸಿಲಿಂಡರಿನ ಮೇಲೂ ಒಂದು ಚಿತ್ರ: ಉರಿಯುವ ಜ್ವಾಲೆ, ಅದರ ಮೇಲೆ ಕೆಂಪು ಗೀಟು. ಮಗುವಿನ ತಾಯಿ ತಲೆಯೆತ್ತಿ ಅಕೆಯೊಳನ್ನು ನೋಡಿ ನಕ್ಕಳು.

“ಯಾಕಜ್ಜಿ ಅಲ್ಲೇ ನಿಂತ್ಬಿಟ್ರಿ? ಬನ್ನಿ,” ಎಂದಳು ನರ್ಸು.

ಅಕೆಯೊ ತಿರುಗಿ ನಡೆದಳು. ಮೊಣಕಾಲು ಬಿಟ್ಟಷ್ಟು ಓಡಿದಳು. ಅಂಗಳದಾಚೆ ಬರಾಸನ ಮುಂದೆ ಬಂದು ನಿಂತು, ಅವನು ಕೇಳುವ ಮೊದಲೇ ಬೆಂಕಿ ಹೊರಗೆ ತೆಗೆದಳು.

“ವಾರ್ಡೊಳಗೆ ತಗೊಂಡು ಹೋಗಿದ್ದೆ. ಆ ಗಾಳಿ ಸಿಲಿಂಡರ್ ಹತ್ರ. ದಂಡ ಹಾಕು.”

ಬರಾಸ ವಾರ್ಡಿನತ್ತ ತಿರುಗಿ ನೋಡಿದ. “ಅದು ಹೊತ್ಕೊಂಡ್ರೆ ಏನಾಗ್ತಿತ್ತು ಗೊತ್ತಾ ನಿಂಗೆ?”

“ಗೊತ್ತಾಗಿಯೇ ಬಂದೆ.” ಮೋಟನ್ನು ಅವನ ಮುಂದೆ ಹಿಡಿದಳು. “ಅವಳು ಕೇಳಿದ್ಲು. ಅವಳು ನನ್ನ ಹತ್ರ ಏನೂ ಕೇಳಿದೋಳೇ ಅಲ್ಲ.”

ಅವನು ಮೋಟನ್ನು ಕಸಿದು ಬೂಟಿನಡಿ ಹೊಸಕಿದ. ಬೈಯಲು ಬಾಯಿ ತೆರೆದವನು ಹಿಂದಿನ ಗೇಟಿನಾಚೆಯ ಚಪ್ಪರದತ್ತ ಕೈ ತೋರಿಸಿದ. “ಬೆಂಕೀನ ಒಳಗೆ ತರೋ ಬದಲು ಅವಳನ್ನೇ ಹೊರಗೆ ಕರ್ಕೊಂಡು ಬರಬಾರ್ದಾ, ಹುಚ್ಚಜ್ಜಿ?”

ನರ್ಸಿನ ಹತ್ತಿರ ಹೋಗಿ ಮಾತಾಡಿದವನು ಅವನೇ. ನರ್ಸು ಮೊದಲು ಆಗದೆಂದಳು. ಡಾಕ್ಟರನ್ನು ಕೇಳಿ ಬಂದ ಮೇಲೆ ಕೊಳವೆ ಬಿಡಿಸುತ್ತ, “ಒಂಚೂರು ಬಿಸಿಲು ಕಾಯಿಸ್ಕೊಂಡು ಬರ್ಲಿ. ಎಲ್ಲಿ ಅಂತ ನಾನು ಕೇಳಲ್ಲ,” ಎಂದಳು.

ಬರಾಸ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹಳದಿ ಗೀಟು ದಾಟಿಸಿ, ಗೇಟಿಗೆ ಹಿಂತಿರುಗಿದ. ಚಪ್ಪರದಲ್ಲಿ ಸೇದುತ್ತಿದ್ದ ಬಾಡಿಗೆ ಬೈಕು ಓಡಿಸುವ ಹುಡುಗರು ಮುದುಕಿಯರನ್ನು ಕಂಡು ಎದ್ದು ಹೋದರು. ಅಕೆಯೊ ಹೊತ್ತಿಸಿಕೊಟ್ಟಳು. ದಿಬೋರಾ ತುಟಿಗಿಟ್ಟಳು, ಎಳೆಯಲಾಗಲಿಲ್ಲ. ಕೆಮ್ಮು ಬಂದು ಇಡೀ ಮೈ ಅಲುಗಿತು.

“ನೀನೇ ಸೇದು,” ಎಂದಳು ಉಸಿರು ಸಿಕ್ಕ ಮೇಲೆ. “ನಂಗೆ ವಾಸನೆ ಸಾಕು.”

ಅಕೆಯೊ ಬೆಂಕಿಯನ್ನು ಒಳಗೆ ತಿರುಗಿಸಿ ತುಟಿ ಮುಚ್ಚಿದಳು. ಸರೋವರದ ಗಾಳಿ ಬೀಸುತ್ತಿತ್ತು.

“ಒಗ್ವೆನೊ ನಿನ್ನ ಅಂಗಳ ಅಳದ್ನಂತೆ,” ಎಂದಳು ದಿಬೋರಾ ದೂರಕ್ಕೆ ನೋಡುತ್ತ. “ನೀನು ಹೇಳ್ಳಿಲ್ಲ. ಮುಳ್ಳು ಬಿಡಿಸ್ತಾ ಕೂತಿದ್ದೆ. ನಿನ್ನೆ ಸಂಜೆ ಹುಡುಗರನ್ನೆಲ್ಲ ಕರೆಸಿದ್ದೆ, ಅವರ ಚಿಕ್ಕಪ್ಪನ್ನೂ ಕರೆಸಿದ್ದೆ. ಅಕೆಯೊ ಇರೋ ತನಕ ಆ ಮನೆ ಬಾಗ್ಲು ಮುಟ್ಟಿದೋನು ನನ್ನ ಹೊಟ್ಟೇಲಿ ಹುಟ್ಟಿದೋನಲ್ಲ ಅಂದೆ. ನಿನ್ನ ಮಣ್ಣೂ ಅಲ್ಲೇ. ನಮ್ಮ ಗಂಡನ ಬಲಕ್ಕೆ ನಾನು, ಎಡಕ್ಕೆ ನೀನು.”

ಅಕೆಯೊಳ ಮೂಗಿನಿಂದ ಹೊಗೆಯ ಎಳೆಯೊಂದು ಹೊರಬಿತ್ತು.

“ನಿನ್ನ ಬಾಯಲ್ಲಿ ಬೆಂಕಿ ಇರೋದೇ ಒಳ್ಳೇದಾಯ್ತು. ಇಲ್ದಿದ್ರೆ ‘ನಿನ್ನ ಯಾರು ಕೇಳಿದ್ರು’ ಅಂತ ಜಗಳಕ್ಕೆ ಬರ್ತಿದ್ದೆ.” ದಿಬೋರಾ ಸುಧಾರಿಸಿಕೊಂಡಳು. “ಅಂದ ಹಾಗೆ, ಮೀನಿಗೆ ಉಪ್ಪು ಜಾಸ್ತಿ ಹಾಕ್ತೀಯ. ಹೊಸದಾಗಿ ಬಂದಾಗಿಂದ ಹೇಳ್ಬೇಕು ಅಂತಿದ್ದೆ.”

ಗೇಟಿನ ಬಳಿಯಿಂದ ಬರಾಸ ಕೈ ಮಾಡಿ ಕರೆದ. ಅಕೆಯೊ ಮೋಟನ್ನು ಮರಳಿನ ಬಕೆಟ್ಟಿಗೆ ಹಾಕಿದಳು. ದಿಬೋರಾಳ ಕಾಲು ಕುರ್ಚಿಯ ಕಾಲೂರುವ ಹಲಗೆಯಿಂದ ಜಾರಿ ನೆಲಕ್ಕೆ ತಾಗಿತ್ತು, ಪಾದಕ್ಕೆಲ್ಲ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಅಕೆಯೊ ಮಂಡಿಯೂರಿ ಕೂತು, ಆ ಪಾದವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳ ಸಂದಿನಿಂದ ಮಣ್ಣನ್ನು ಒರೆಸತೊಡಗಿದಳು.