ಮೇಲ್ಸೇತುವೆಗೆ ಮೂರು ನಿಮಿಷ

ನಮ್ಮೂರಿನ ರೈಲ್ವೆ ಗೇಟು ಒಮ್ಮೆ ಮುಚ್ಚಿದಾಗ ಕಾರಿನಲ್ಲಿ ಒಬ್ಬ ಮದುಮಗ ಕೂತಿದ್ದ. ಗೇಟು ತೆರೆಯುವಷ್ಟರಲ್ಲಿ ಅವನಿಗೆ ಎದೆಮಟ್ಟದ ಗಡ್ಡ ಬಂದು, ಹುಡುಗಿ ಗುರುತೇ ಹಿಡಿಯದೆ ಅವನ ತಮ್ಮನನ್ನು ಮದುವೆಯಾದಳು. ಇದು ನಾನು ಕಣ್ಣಾರೆ ಕಂಡದ್ದು. ಗೇಟು ಮುಚ್ಚಿರುವುದು ನಲವತ್ತೇ ನಿಮಿಷ ಎನ್ನುವವರೂ ಇದ್ದಾರೆ. ಅವರಿಗೆ ಗಡಿಯಾರ ನೋಡುವ ದುರಭ್ಯಾಸ.

ಈ ನಾಲಿಗೆಯ ದೆಸೆಯಿಂದಲೇ ನಾನು ವರ್ತಕರ ಸಂಘದ ಕಾರ್ಯದರ್ಶಿಯಾದದ್ದು. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ ಇದೆ. ಒಂದು ದಿನ ರಾಜಧಾನಿಯಿಂದ ಕಾಗದ ಬಂತು. ಮಂತ್ರಿಗಳು ನಮಗೆ ಮೂರು ನಿಮಿಷ ಕೊಡುತ್ತಾರಂತೆ, ಒಂದೇ ಬೇಡಿಕೆ ತರಬೇಕಂತೆ.

ನಮ್ಮ ಬಳಿ ಹನ್ನೊಂದಿದ್ದವು. ಸಂಘದ ಅಧ್ಯಕ್ಷರಾದ ಸಾಮಿಲ್ ಮಾಲೀಕರಿಗೆ ವಿಮಾನ ನಿಲ್ದಾಣವೇ ಆಗಬೇಕು, ಬೇಕರಿಯವರಿಗೆ ದೊಡ್ಡ ಶೀತಲ ಗೋದಾಮು. ಒಂದನ್ನು ಆರಿಸಲು ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದೆವು. ಹತ್ತಕ್ಕೆ ಬಂದವನು ನಾನೊಬ್ಬನೇ. ಮಿಕ್ಕವರೆಲ್ಲ ಹನ್ನೊಂದಕ್ಕೆ, ಬೆವರು ಒರೆಸಿಕೊಳ್ಳುತ್ತ, ಗೇಟಿಗೆ ಬಾಯಿಗೆ ಬಂದಂತೆ ಬಯ್ಯುತ್ತ ಒಳಗೆ ಬಂದರು.

"ಇನ್ನು ಚರ್ಚೆ ಯಾಕ್ರೀ?" ಎಂದರು ಬೇಕರಿಯವರು. "ಬ್ರಿಡ್ಜ್ ಅಂತ ಬರ್ಕೊಳ್ಳಿ."

ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಕೊಂಚ ತಡವಾಗಿ. ಗೇಟಿನ ಪಕ್ಕದಲ್ಲಿರುವ ಏಳು ಅಂಗಡಿಗಳಲ್ಲಿ ಮೊದಲನೆಯದು ನನ್ನ ಅಕ್ಕನ ಟೀ ಅಂಗಡಿ. ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದ್ದು, ಪ್ರೆಸ್ ಹಾಕಿಸಿಕೊಟ್ಟಿದ್ದು, ಎಲ್ಲ ಆ ಅಂಗಡಿಯೇ. ಗೇಟು ಮುಚ್ಚಿದರೆ ಅಕ್ಕನ ಒಲೆಗೆ ಬಿಡುವಿಲ್ಲ, ತೆರೆದರೆ ಬೆಂಚಿನ ಮೇಲೆ ಬೆಕ್ಕೂ ಕೂರುವುದಿಲ್ಲ. ಸೇತುವೆಯಾದರೆ ಗಾಡಿಗಳೆಲ್ಲ ಅವಳ ತಲೆಯ ಮೇಲೆಯೇ ಹಾದುಹೋಗುತ್ತವೆ.

ಅಧ್ಯಕ್ಷರು, ಬೇಕರಿಯವರ ಜೊತೆ ರಾಜಧಾನಿಗೆ ಹೊರಡುವ ಮುಂಚೆ ಅಕ್ಕನಿಗೆ ಹೇಳಿದೆ, "ವಿಮಾನ ನಿಲ್ದಾಣ ಕೇಳೋಕೆ ಹೋಗ್ತಿದೀವಿ ಕಣಕ್ಕಾ."

"ಓಹೋ," ಎಂದಳು ಅಕ್ಕ, ಲೋಟ ತೊಳೆಯುತ್ತ. "ವಿಮಾನಕ್ಕೂ ಗೇಟ್ ಹಾಕ್ತಾರೇನೋ?"

ನಾನು ಬಸ್ಸಿಗೆ ತಡವಾಯಿತೆಂದು ಓಡಿದೆ.

ಮಂತ್ರಿಗಳ ಕೋಣೆಯ ಕುರ್ಚಿಗಳು ಎಷ್ಟು ಮೆತ್ತಗಿದ್ದವೆಂದರೆ ಕೂತ ಬೇಕರಿಯವರು ಕುತ್ತಿಗೆಯವರೆಗೆ ಮುಳುಗಿದರು. ಪಕ್ಕದಲ್ಲಿ ಒಬ್ಬ ಅಧಿಕಾರಿಣಿ ಪುಸ್ತಕ ತೆರೆದು ಕೂತಿದ್ದರು. ನಾನು ಮದುಮಗನ ಗಡ್ಡದಿಂದ ಶುರುಮಾಡಿದೆ. ಗೇಟಿನ ಸಾಲಿನಲ್ಲೇ ಹುಟ್ಟಿ, ಅಲ್ಲೇ ಅಕ್ಷರ ಕಲಿತ ಮಗುವಿನ ಕತೆ ಹೇಳಿದೆ. ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರು ನಿಮಿಷ ಹತ್ತಾಯಿತು.

"ಆಯ್ತಪ್ಪಾ, ಸೇತುವೆ ವಿಷಯ ನೋಡೋಣ," ಎಂದು ಕಣ್ಣು ಒರೆಸಿಕೊಂಡರು. "ಇದರಿಂದ ಯಾರಿಗೂ ನಷ್ಟ ಇಲ್ಲ ತಾನೆ?"

"ಒಂದು ನೊಣಕ್ಕೂ ಇಲ್ಲ ಸರ್," ಎಂದರು ಅಧ್ಯಕ್ಷರು.

ನಾನು ಸುಮ್ಮನಿರಬೇಕಿತ್ತು. ಹುಟ್ಟಿದಾಗಿನಿಂದ ಸುಳ್ಳು ಹೇಳಿಕೊಂಡೇ ಬಂದವನಿಗೆ ಅಲ್ಲೊಂದು ಸುಳ್ಳಿಗೆ ತಲೆಯಾಡಿಸುವುದೇನು ಕಷ್ಟ? ಕತ್ತು ಅಲುಗಲಿಲ್ಲ.

"ನಮ್ಮಕ್ಕನಿಗೆ ನಷ್ಟ ಇದೆ ಸರ್," ಎಂದೆ.

ಅಷ್ಟು ಹೊತ್ತಿನಲ್ಲಿ ಮಂತ್ರಿಗಳು ಎಲ್ಲಕ್ಕಿಂತ ಜೋರಾಗಿ ನಕ್ಕಿದ್ದು ಈ ಮಾತಿಗೆ. "ಭಲೇ ಆಸಾಮಿ ಕಣ್ರೀ ನೀವು!" ಎಂದು ಮೇಜು ಕುಟ್ಟಿದರು. ಅಧ್ಯಕ್ಷರು ನನ್ನ ಕಾಲು ತುಳಿದರು.

"ಇದು ಕತೆ ಅಲ್ಲ ಸರ್. ಗೇಟ್ ಪಕ್ಕ ಟೀ ಅಂಗಡಿ ಇದೆ. ಗೇಟ್ ಹೋದ್ರೆ ಅದೂ ಹೋಗತ್ತೆ. ಆದ್ರೂ ಬ್ರಿಡ್ಜ್ ಬೇಕು ಸರ್."

ಮಂತ್ರಿಗಳು ಇನ್ನೂ ನಗುತ್ತಿದ್ದರು. ಅಧಿಕಾರಿಣಿ ಮಾತ್ರ ತಲೆಯೆತ್ತಿ, "ಅಂಥ ಅಂಗಡಿ ಎಷ್ಟಿವೆ?" ಎಂದು ಕೇಳಿದರು.

"ಏಳು ಮೇಡಂ."

ಅವರು ಏಳು ಎಂದು ಬರೆದುಕೊಂಡರು. ಅದಕ್ಕೆ ಪರಿಹಾರ ಎಂದರ್ಥವೋ, ಬರೀ ಏಳು ಎಂದರ್ಥವೋ ನನಗೆ ಇವತ್ತಿಗೂ ತಿಳಿಯದು. ಊರಿಗೆ ವಾಪಸಾಗುವವರೆಗೆ ಅಧ್ಯಕ್ಷರು ಮುಖ ಗಂಟಿಕ್ಕಿಕೊಂಡೇ ಇದ್ದರು.

ಬಸ್ಸಿಳಿದು ನೇರ ಅಂಗಡಿಗೆ ಹೋದೆ. ಗೇಟು ತೆರೆದಿತ್ತು, ಬೆಂಚು ಖಾಲಿ. ನಡೆದದ್ದನ್ನೆಲ್ಲ ಹೇಳಿದೆ.

"ನನ್ನ ಸುದ್ದಿ ಯಾಕೋ ಎತ್ತಿದೆ ಅಲ್ಲಿ?" ಅಕ್ಕ ಸಿಡುಕಿದಳು. "ಬ್ರಿಡ್ಜ್ ಬೇಡ ಅಂದ್ಯಾ?"

"ಬೇಕು ಅಂದೆ. ನಿನಗೆ ನಷ್ಟ ಅಂತಾನೂ ಅಂದೆ."

"ಎರಡೂ ಅಂದ್ಯಾ?"

"ಎರಡೂ."

ಅಕ್ಕ ಸೌಟು ಕೆಳಗಿಟ್ಟಳು. "ನಿನಗೊಂದು ಹೇಳ್ತೀನಿ, ಕತೆ ಕಟ್ಟಬೇಡ. ಗೇಟ್ ಬಿದ್ದಾಗೆಲ್ಲ ನಂಗೆ ಖುಷಿ ಆಗತ್ತೆ ಕಣೋ. ಸಾಲಲ್ಲಿ ಆಸ್ಪತ್ರೆಗೆ ಹೊರಟ ಬಸುರಿ ಇದ್ರೂ ಮೊದಲು ಖುಷಿನೇ ಆಗೋದು. ಆಮೇಲೆ ನಾಚಿಕೆ. ಇಪ್ಪತ್ತೆರಡು ವರ್ಷದಿಂದ ಹೀಗೇ."

ನಾನು ಖಾಲಿ ಬೆಂಚಿನ ಮೇಲೆ ಕೂತೆ.

"ಮಾರ್ಕೆಟ್ ಹಿಂದಿನ ಬೀದೀಲಿ ಒಂದು ಮಳಿಗೆ ನೋಡಿ ಬಂದೆ," ಎಂದಳು. "ನೀನು ವಿಮಾನ ಅಂದ ದಿನಾನೇ ಹೋಗಿದ್ದೆ."

"ಅಲ್ಲಿ ಯಾರಕ್ಕಾ ನಿಲ್ತಾರೆ?"

"ಯಾರೂ ನಿಲ್ಲಲ್ಲ. ಟೀ ಬೇಕು ಅಂತಾನೇ ಬರಬೇಕು."

"ಬರದಿದ್ರೆ?"

"ನನ್ನ ಟೀ ಚೆನ್ನಾಗಿಲ್ಲ ಅಂತ ಗೊತ್ತಾಗತ್ತೆ. ಇಷ್ಟು ವರ್ಷ ಗೊತ್ತಾಗೋ ದಾರೀನೇ ಇರಲಿಲ್ವಲ್ಲ! ಸಿಕ್ಕಿಹಾಕ್ಕೊಂಡೋರು ಕುಡಿದು ಹೋಗೋರು." ಒಂದು ಲೋಟ ನನ್ನ ಮುಂದೆ ತಳ್ಳಿದಳು. "ಕುಡಿದು ಹೇಳು. ನಿಜ ಹೇಳ್ಬೇಕು."

ಮಂತ್ರಿಗಳ ಮುಂದೆ ಇಲ್ಲದ ಹೆದರಿಕೆ ಈಗ ಹುಟ್ಟಿತು. ಒಂದು ಗುಟುಕು ಕುಡಿದೆ. ಇನ್ನೊಂದು ಕುಡಿದೆ.

"ಸಕ್ಕರೆ ಜಾಸ್ತಿ," ಎಂದೆ. "ಪುಡಿ ಕಮ್ಮಿ."

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಪಾತ್ರೆಯಲ್ಲಿದ್ದ ಅಷ್ಟೂ ಟೀಯನ್ನು ಮೋರಿಗೆ ಚೆಲ್ಲಿ, ಹೊಸ ನೀರಿಟ್ಟು, "ಎದ್ದು ಹೋಗಬೇಡ, ಕೂತಿರು," ಎಂದಳು.