ಕನ್ನಿಯಮ್ಮಾಳ್ ತೋಟಕ್ಕೆ ಬಂದ ಗಾಜು

ಬಿಸಿಲು ಏರಿದಂತೆಲ್ಲ ಮೈಲ್‌ಸಾಮಿಯ ಸೋಡಾ ಕಂಪನಿಯಲ್ಲಿ ಕೆಲಸವೂ ಏರುತ್ತಿತ್ತು, ಬಾಟಲಿಗಳು ಸಿಡಿಯುವುದೂ ಏರುತ್ತಿತ್ತು. ಕಂಪನಿ ಎಂದರೆ ದೊಡ್ಡದೇನಲ್ಲ. ತುಡಿಯಲೂರಿನ ಬಸ್ಸು ಓಡಾಡುವ ರಸ್ತೆಯಿಂದ ಒಳಕ್ಕೆ ತಿರುಗುವ ಬೀದಿಯಲ್ಲಿ ಹೆಂಚು ಹೊದಿಸಿದ ಒಂದು ಕೋಣೆ, ಕೈಯಿಂದ ತಿರುಗಿಸುವ ಗ್ಯಾಸ್ ಯಂತ್ರ, ಒಂದು ನೀರಿನ ತೊಟ್ಟಿ, ಮುಂದೆ ಬಾಟಲಿ ಜೋಡಿಸಿದ ಹಲಗೆ. ಆದರೂ ಊರವರೆಲ್ಲ ಅದನ್ನು ಕಂಪನಿ ಎಂದೇ ಕರೆಯುತ್ತಿದ್ದರು. ಹಾಗೆ ಕರೆದಾಗ ಮೈಲ್‌ಸಾಮಿಯ ಎದೆ ಸ್ವಲ್ಪ ಉಬ್ಬುತ್ತಿತ್ತು ಎಂಬುದನ್ನೂ ಹೇಳಿಬಿಡಬೇಕು. ಅವನ ಅಪ್ಪ ಧಾರಾಪುರದ ಕಡೆ ಏತ ಹೊಡೆದು ಬದುಕಿದವರು. ಮಗ ಕಂಪನಿ ಯಜಮಾನನಾದದ್ದು ಸಣ್ಣ ಮಾತಲ್ಲ.

ಗ್ಯಾಸ್ ತುಂಬುವಾಗ ಹಳೆಯ ಬಾಟಲಿಯೊಂದು ಢಬ್ಬೆಂದು ಒಡೆದರೆ ಅವನು ಬೆಚ್ಚುತ್ತಿರಲಿಲ್ಲ. ಯಂತ್ರಕ್ಕೆ ಒದ್ದೆ ಗೋಣಿ ಹೊದಿಸಿರುತ್ತಿದ್ದರಿಂದ ಯಾರಿಗೂ ಏಟಾಗುತ್ತಿರಲಿಲ್ಲ. ಹಸಿರು ಚೂರುಗಳನ್ನು ಪೊರಕೆಯಿಂದ ಬಳಿದು, ತಗಡಿನ ಮೊರಕ್ಕೆ ತುಂಬಿ, ಬೀದಿಯ ಮೂಲೆಯ ಸಿಮೆಂಟ್ ತೊಟ್ಟಿಗೆ ಸುರಿದು, ಕೈ ಕೊಡವಿಕೊಂಡು ಬರುತ್ತಿದ್ದ. ಬಾಟಲಿಯ ಬಾಯಿ ಮುಚ್ಚುವ ಗೋಲಿಗಳನ್ನು ಮಾತ್ರ ಜೋಪಾನವಾಗಿ ಎತ್ತಿಡುತ್ತಿದ್ದ.

ಹಾಗೆ ಸುರಿಯಬಾರದೆಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಎಂಬತ್ತರ ದಶಕದಲ್ಲಿ ಊರು ಬೆಳೆಯುತ್ತಿತ್ತು, ಕಸವೂ ಬೆಳೆಯುತ್ತಿತ್ತು. ಮನೆಯ ಕಸ ಬೀದಿಯ ತೊಟ್ಟಿಗೆ. ಅಂಗಡಿ, ಪಟ್ಟರೆ ಎನ್ನುವ ಸಣ್ಣ ಕಾರ್ಖಾನೆಗಳ ಕಸ ಅವರವರದೇ ಮುಚ್ಚಳದ ಡ್ರಮ್ಮಿಗೆ, ಗಾಡಿ ಬಂದಾಗ ಕೈಗೆ ಕೊಡಬೇಕು. ಗಾಜು, ತಗಡು, ಬ್ಲೇಡು ಯಾವ ಕಾರಣಕ್ಕೂ ತೊಟ್ಟಿಗೆ ಬೀಳಬಾರದು, ಬೇರೆಯಾಗಿಯೇ ಇಡಬೇಕು ಎಂದು ಪಂಚಾಯಿತಿಯವರು ತಮಟೆ ಹೊಡೆಸಿ ಸಾರಿದ್ದರು. ಅವರ ಆರೋಗ್ಯ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದು ಅಂಗಡಿ ಅಂಗಡಿಗೂ ಹೇಳಿ ಹೋಗಿದ್ದರು. ಮೈಲ್‌ಸಾಮಿ "ಆಗಲಿ ಸಾರ್" ಎಂದು ತಲೆಯಾಡಿಸಿದ್ದ. ತಲೆಯಾಡಿಸುವುದಕ್ಕೆ ಜಾಗ ಬೇಕಾಗಿರಲಿಲ್ಲ, ಡ್ರಮ್ಮಿಗೆ ಬೇಕಾಗಿತ್ತು.

"ಏನುಂಗ, ಒಂದು ಡ್ರಮ್ ಇಟ್ಬಿಟ್ರೆ ಏನಾಗೋಗುತ್ತೆ?" ಎಂದು ಹೆಂಡತಿ ಕಲಾ ಕೇಳಿದ್ದಳು.

"ಎಲ್ಲಿ ಇಡೋದು, ನನ್ನ ತಲೆ ಮೇಲಾ? ಇರೋದು ಒಂದು ರೂಮು. ಊರಿನವರು ತೊಟ್ಟಿ ಕಟ್ಸಿರೋದು ಹಾಕೋಕೆ ತಾನೆ? ತೊಟ್ಟಿಗೆ ಬಿದ್ದ ಮೇಲೆ ಅದು ಊರ ಕುಪ್ಪೆ, ನಮ್ಮದಲ್ಲ."

ಮಾತಿನಲ್ಲಿ ಅವನನ್ನು ಗೆಲ್ಲುವವರು ಆ ಬೀದಿಯಲ್ಲಿ ಕಡಿಮೆ. ತೊಟ್ಟಿಯ ಕಸ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಅವನು ಒಂದು ದಿನವೂ ತಲೆ ಕೆಡಿಸಿಕೊಂಡಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕನ್ನಿಯಮ್ಮಾಳ್ ಬಂದಳು. ರೈಲು ಹಳಿಯ ಆಚೆ ಅವಳ ತೋಟ. ಗಂಡ ತೀರಿಹೋದ ಮೇಲೆ ಬಾವಿ, ಬೆಳೆ, ಆಳು, ಸಂತೆ ಎಲ್ಲವನ್ನೂ ಒಬ್ಬಳೇ ತೂಗಿಸಿಕೊಂಡು ಬಂದ ಹೆಂಗಸು. ಮೈಲ್‌ಸಾಮಿಗೆ ದೂರದ ನೆಂಟಸ್ತಿಕೆ. ಅದಕ್ಕಿಂತ ಹೆಚ್ಚಾಗಿ, ಸುತ್ತಲೂ ತಮಿಳಾಡುವ ಆ ಬೀದಿಯಲ್ಲಿ ಮನೆಮಾತಾದ ಕನ್ನಡ ಆಡುವ ಒಬ್ಬಳು ಅಕ್ಕ.

"ಬಾ ಅಕ್ಕಾ! ಈ ಬಿಸಿಲಲ್ಲಿ ಇಷ್ಟು ದೂರ? ಇರು, ತಣ್ಣಗೆ ಒಂದು ಸೋಡಾ ಒಡೀತೀನಿ."

"ಒಡಿ ತಮ್ಮಾ, ಕುಡೀತೀನಿ. ಮೊದಲು ಬಂದವರಿಗೆ ಕೊಟ್ಟು ಕಳಿಸು."

ಗಿರಾಕಿಗಳು ಇನ್ನೂ ಹೊಸ್ತಿಲಲ್ಲೇ ನಿಂತು ಬಾಯಿ ಒರೆಸಿಕೊಳ್ಳುತ್ತಿದ್ದರು. ಅವಳು ಅವರಿಗೆ ಬೆನ್ನು ಮಾಡಿ ನಿಂತು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹಸಿರು ಗಾಜಿನ ಚೂರುಗಳು, ಮಣ್ಣು ಮೆತ್ತಿದವು. ಅವುಗಳ ನಡುವೆ ಹಿಸುಕಿದಂತಿರುವ ಒಂದು ಕುತ್ತಿಗೆ. ಗೋಲಿ ಸೋಡಾ ಬಾಟಲಿಗಲ್ಲದೆ ಇನ್ನಾವ ಬಾಟಲಿಗೂ ಅಂಥ ಕುತ್ತಿಗೆ ಇರುವುದಿಲ್ಲ. ಅವಳು ದನಿ ತಗ್ಗಿಸಿ ಕನ್ನಡದಲ್ಲೇ ಹೇಳಿದಳು, ಈರುಳ್ಳಿಯನ್ನು ಮಾತ್ರ ಆ ಕಡೆಯವರಂತೆ ವೆಂಗಾಯ ಎಂದು. ನಿಂತವರಿಗೆ ಕೇಳಿಸಿದರೂ ಅರ್ಥವಾಗುವಂತಿರಲಿಲ್ಲ.

"ಹೋದ ಬೇಸಗೆ ಊರ ತೊಟ್ಟಿಗಳ ಕುಪ್ಪೆ ಗುಂಡೀಲಿ ಕೊಳೆತು ಗೊಬ್ಬರ ಆಯ್ತಲ್ಲ, ಅದನ್ನ ಗಾಡೀಲಿ ತೋಟಕ್ಕೆ ಹೊಡೆಸಿದೆ ತಮ್ಮಾ. ವೆಂಗಾಯ ನಡೋಕೆ ಪಾತಿ ಕಟ್ಟಿದ್ದೂ ಆಯ್ತು. ನಮ್ಮ ಕೆಲಸದ ರಾಮಾತಾಳ್ ಮೊದಲು ಇಳಿದಳು. ಅಂಗಾಲು ಸೀಳೋಯ್ತು. ಇನ್ನೊಬ್ಬಳಿಗೆ ವೆಂಗಾಯ ಒತ್ತೋವಾಗ ಬೆರಳು. ಈಗ ಹೆಂಗಸರು ಯಾರೂ ಇಳಿಯಲ್ಲ ಅಂತಾರೆ. ಅವರದೇನು ತಪ್ಪು? ಬಿತ್ತನೆ ವೆಂಗಾಯ ಎಲ್ಲ ಮೊಳಕೆ ಬಂದು ಕೂತಿದೆ. ಇನ್ನು ಸ್ವಲ್ಪ ದಿನ ಹೋದ್ರೆ ಕೊಳೆತೋಗುತ್ತೆ."

ಮೈಲ್‌ಸಾಮಿ ಆ ಕುತ್ತಿಗೆಯನ್ನು ಗುರುತಿಸಿದ. ಆದರೆ ಮಾತು ಬಲ್ಲವನು, ತಡವರಿಸಲಿಲ್ಲ.

"ಇದು ನಮ್ಮ ಬಾಟಲೀನೇ ಅಂತ ಹೇಗೆ ಹೇಳ್ತೀಯಾ ಅಕ್ಕಾ?"

"ನಾನೆಲ್ಲಿ ಹೇಳಿದೆ? ನೋಡು ಅಂದೆ, ಅಷ್ಟೆ."

"ಅಲ್ಲ, ಹಂಗೇ ಇರ್ಲಿ ಅಂತಿಟ್ಕೋ. ನಾನೇನು ದಾರೀಲಿ ಬಿಸಾಕಿದ್ನಾ? ತೊಟ್ಟಿಗೆ ತಾನೆ ಹಾಕಿದ್ದು? ಗೊಬ್ಬರ ಕೊಡೋರು ಜರಡಿ ಹಿಡಿದು ಕೊಡ್ಬೇಕು. ಗಾಡಿಯವನು ನೋಡಿ ತುಂಬ್ಬೇಕು. ಎಲ್ಲಾ ಬಿಟ್ಟು ನನ್ನನ್ನ ಕೇಳಿದ್ರೆ?"

ಕನ್ನಿಯಮ್ಮಾಳ್ ಸಿಟ್ಟಾಗಲಿಲ್ಲ. ಸೋಡಾ ಪೂರ್ತಿ ಕುಡಿದು ಬಾಟಲಿಯನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟಳು.

"ನೀನು ಹೇಳೋದ್ರಲ್ಲೂ ನ್ಯಾಯ ಇದೆ. ಆದ್ರೂ ಒಂದು ಸಲ ತೋಟಕ್ಕೆ ಬಂದು ಹೋಗು ತಮ್ಮಾ. ನೋಡ್ಕೊಂಡು ಹೋಗು, ಸಾಕು."

ಚೂರುಗಳನ್ನು ಅಲ್ಲಿ ಬಿಡದೆ, ಗಂಟು ಕಟ್ಟಿಕೊಂಡೇ ಹೋದಳು.

ಜಗಳವಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಜಗಳವಾಡದೆ ಹೋದದ್ದೇ ಕಷ್ಟವಾಯಿತು. ಅವಳು ನೇರ ಇನ್ಸ್‌ಪೆಕ್ಟರ ಹತ್ತಿರ ಹೋಗಿರುತ್ತಾಳೆ ಎಂದುಕೊಂಡ. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದಾಗಲೆಲ್ಲ ಇಣುಕಿ ನೋಡಿದ. ಹಾಲಿನವನು, ಪೋಸ್ಟ್‌ಮ್ಯಾನ್, ಶಾಲೆ ಮೇಷ್ಟ್ರು ಹೋದರೇ ಹೊರತು ಇನ್ಸ್‌ಪೆಕ್ಟರು ಬರಲಿಲ್ಲ.

"ಆಯಮ್ಮ ಕಂಪ್ಲೇಂಟ್ ಕೊಡೋ ಮನುಷ್ಯಳಲ್ಲ," ಎಂದಳು ಕಲಾ. "ಕರೆದಿದ್ದಾರೆ, ಹೋಗ್ಬನ್ನಿ."

ಮರುದಿನ ಹೋದ. ಗೊಬ್ಬರದ ಗುಂಡಿಯವರದು ಇಷ್ಟು ತಪ್ಪು, ಗಾಡಿಯವನದು ಇಷ್ಟು, ಕನ್ನಿಯಮ್ಮಾಳ್ ನೋಡದೆ ಹೊಡೆಸಿದ್ದು ಇಷ್ಟು ಎಂದು ದಾರಿಯುದ್ದಕ್ಕೂ ಹಂಚಿಕೊಂಡು ಹೋದ. ಹಂಚಿ ಹಂಚಿ ತನ್ನ ಪಾಲಿಗೆ ಏನೂ ಉಳಿಯದಂತೆ ಮಾಡಿಕೊಂಡಿದ್ದ.

ತೋಟ ಹದವಾಗಿತ್ತು. ಕೆಂಪು ಮಣ್ಣಿನ ಸಾಲುಗಳ ಮೇಲೆ ಕಪ್ಪು ಗೊಬ್ಬರ ಬೆರೆತು, ಬಾವಿಯ ನೀರು ಒಮ್ಮೆ ಹರಿದು ಆರಿತ್ತು. ಬದುವಿನ ಬೇವಿನ ಮರದಡಿ ಹೆಂಗಸರು ಕುಳಿತಿದ್ದರು. ಅವರ ಮುಂದೆ ಬುಟ್ಟಿಗಳಲ್ಲಿ ಚಿಕ್ಕ ಈರುಳ್ಳಿ, ತುದಿಯಲ್ಲಿ ಹಸಿರು ಮೊಳಕೆ. ರಾಮಾತಾಳ್ ಕಾಲು ಚಾಚಿ ಕುಳಿತಿದ್ದಳು, ಪಾದಕ್ಕೆ ಬಟ್ಟೆ ಸುತ್ತಿತ್ತು. ಎಷ್ಟೋ ವರ್ಷಗಳಿಂದ ಆ ತೋಟದಲ್ಲಿ ದುಡಿದು ಕನ್ನಡ ಕಲಿತ ತಮಿಳು ಹೆಂಗಸು ಅವಳು. ಅವಳು ಇಳಿದರೆ ಮಿಕ್ಕವರೂ ಇಳಿಯುತ್ತಿದ್ದರು, ಅವಳು ಕೂತರೆ ಎಲ್ಲರೂ ಕೂತರು.

"ಬಂದ್ಯಾ ತಮ್ಮಾ," ಎನ್ನುತ್ತ ಕನ್ನಿಯಮ್ಮಾಳ್ ಪಾತಿಯ ನಡುವಿನಿಂದ ಎದ್ದಳು. ಅವಳೊಬ್ಬಳೇ ಕೆಳಗೆ ಕೂತು, ಬೆರಳಿನಿಂದ ಮಣ್ಣು ಕೆದಕಿ, ಚೂರು ಆರಿಸುತ್ತಿದ್ದಳು.

ಮೈಲ್‌ಸಾಮಿ ಬದುವಿನ ಅಂಚಿಗೆ ಬಂದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು: ಕಾಲಿಗೆ ಚಪ್ಪಲಿ ಹಾಕಿಕೊಂಡು ಇಳಿದರೆ ಈ ರಗಳೆಯೇ ಇರುವುದಿಲ್ಲವಲ್ಲ! ಬಾಯಿ ತೆರೆಯಬೇಕು, ಅಷ್ಟರಲ್ಲಿ ತನ್ನ ಕಾಲು ನೋಡಿಕೊಂಡ. ಚಪ್ಪಲಿ ಕಾಲಲ್ಲಿರಲಿಲ್ಲ. ಬದುವಿನ ಮೇಲೆ ಜೋಡಿಯಾಗಿ ಬಿಟ್ಟು ಬಂದಿದ್ದ. ಬಿಡು ಎಂದು ಯಾರೂ ಹೇಳಿರಲಿಲ್ಲ. ನೆಲವನ್ನು ತಾಯಿ ಎನ್ನುವ ಮನೆಗಳಲ್ಲಿ ಬೆಳೆ ಇಡುವ ಮಣ್ಣನ್ನು ಚಪ್ಪಲಿಗಾಲಲ್ಲಿ ತುಳಿಯುವುದಿಲ್ಲ. ಅಪ್ಪನ ಹಿಂದೆ ನಡೆದು ಕಲಿತದ್ದು, ಕಂಪನಿ ಯಜಮಾನನಾದ ಮೇಲೂ ಕಾಲು ಮರೆತಿರಲಿಲ್ಲ.

ಚಪ್ಪಲಿಯ ಮಾತು ಅಲ್ಲಿಗೇ ಮುಗಿಯಿತು. ಇನ್ನು ಕಾಲು ಇಡಬೇಕು. ಮೇಲೆತ್ತಿದ ಕಾಲು ಮೇಲೆಯೇ ನಿಂತಿತು. ಆ ಮಣ್ಣಿನಲ್ಲಿ ಏನೇನಿದೆ ಎಂದು ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಮೊರ ಮೊರ ತುಂಬಿ ಸುರಿದವನು ಅವನೇ. ಮರದಡಿಯ ಹೆಂಗಸರು ನೋಡುತ್ತಿದ್ದರು.

"ಪರವಾಯಿಲ್ಲೆ ತಮ್ಮಾ," ಎಂದಳು ಕನ್ನಿಯಮ್ಮಾಳ್. "ಚಪ್ಪಲಿ ಹಾಕ್ಕೊಂಡೇ ಬಾ. ನಿನ್ನ ಕಾಲಿಗೆ ಚುಚ್ಚಿದ್ರೆ ಕಲಾಗೆ ನಾನು ಏನಂತ ಹೇಳ್ಲಿ?"

ಅವಳು ಬರಿಗಾಲಲ್ಲಿ ನಿಂತು ಆ ಮಾತು ಹೇಳಿದಳು. ಗಂಡನನ್ನೂ ಚಪ್ಪಲಿಯಲ್ಲಿ ಇಳಿಯಬಿಡದ ನೆಲ ಅದು. ಕುಹಕವಿಲ್ಲ, ಕೊಂಕಿಲ್ಲ, ನಿಜವಾಗಿಯೂ ಅವನ ಕಾಲಿನ ಚಿಂತೆಯೇ ಅವಳಿಗೆ. ಎಂಥ ಹೆಂಗಸು! ಮೈಲ್‌ಸಾಮಿಯ ಕಣ್ಣು ತುಂಬಿ ಬಂತು. ಹಂಚಿ ತಂದಿದ್ದ ತಪ್ಪುಗಳೆಲ್ಲ ತಿರುಗಿ ಅವನ ಹೆಗಲಿಗೇ ಬಂದು ಕೂತವು.

ಅವನು ಮರದ ಕಡೆ ತಿರುಗಿದ. "ಅದು ನಮ್ಮ ಕಂಪನಿ ಬಾಟಲಿ," ಎಂದ. "ನಾನೇ ತೊಟ್ಟಿಗೆ ಹಾಕ್ತಿದ್ದೆ. ಹಾಕ್ಬೇಡ ಅಂದಿದ್ರು, ಆದ್ರೂ ಹಾಕ್ತಿದ್ದೆ."

"ಗೊತ್ತಣ್ಣಾ," ಎಂದಳು ರಾಮಾತಾಳ್. "ಗೋಲಿ ಬಾಟಲಿ ಈ ಕಡೆ ಇನ್ಯಾರ ಹತ್ರ ಇದೆ? ನಾವೇ ಬಂದು ಕೇಳೋಣ ಅಂತಿದ್ವಿ. ಅಕ್ಕ ಬಿಡ್ಲಿಲ್ಲ. ಬೀದೀಲಿ ಅವನ ಹೆಸರು ಎತ್ಬೇಡಿ, ಅದು ಅವನ ಹೊಟ್ಟೆಪಾಡು ಅಂದ್ರು."

"ನಿನ್ನ ಕಾಲು ಹೇಗಿದೆ?"

"ವಾಸಿ ಆಗ್ತಿದೆ. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮಗಿರೋದು ಈ ಕೈಕಾಲೇ. ಅದು ಕೆಟ್ರೆ ಮನೇಲಿ ಒಲೆ ಉರಿಯಲ್ಲ. ಅಕ್ಕನ ಮುಖ ನೋಡಿ ಇಳಿಯೋಕಾಗಲ್ಲ."

ಮೈಲ್‌ಸಾಮಿ ಚಪ್ಪಲಿ ಮೆಟ್ಟಿಕೊಂಡು ಊರ ಕಡೆ ನಡೆದ. ಅವನು ಮಾತಿಗೆ ಮಾತು ಕೊಡದೆ ಬಿಟ್ಟದ್ದು ಬಹುಶಃ ಅದೇ ಮೊದಲು.

ಮಾರನೆಯ ದಿನ ಕಂಪನಿ ತೆರೆಯಲಿಲ್ಲ. ಸೋಡಾ ಅತಿ ಹೆಚ್ಚು ಖರ್ಚಾಗುವ ಕಾಲದಲ್ಲಿ ಬಾಗಿಲು ಹಾಕಿದ್ದನ್ನು ಕಂಡು ಬೀದಿಯವರು ಯಾರಿಗೋ ಹುಷಾರಿಲ್ಲ ಎಂದುಕೊಂಡರು. ಅವನು ಒಬ್ಬ ಮೇಸ್ತ್ರಿಯನ್ನು ಕೇಳಿ ಮರಳು ಸೋಸುವ ದೊಡ್ಡ ಜರಡಿ ತಂದು ತೋಟದಲ್ಲಿ ನಿಲ್ಲಿಸಿದ. ಸಾಲಿನ ಮೇಲ್ಮಣ್ಣನ್ನು ಸಲಿಕೆಯಿಂದ ಎತ್ತಿ ಜರಡಿಗೆ ಎರಚುವುದು, ಕೆಳಗೆ ಬಿದ್ದ ಮಣ್ಣನ್ನು ತಿರುಗಿ ಸಾಲಿಗೆ ಹಾಕುವುದು, ಮೇಲೆ ಉಳಿದದ್ದನ್ನು ಡಬ್ಬಕ್ಕೆ ತುಂಬುವುದು. ಹಸಿರು ಗಾಜಿನ ಜೊತೆ ಇನ್ನೂ ಏನೇನೋ ಬಂತು: ತುಕ್ಕು ಹಿಡಿದ ಬ್ಲೇಡು, ಬಲ್ಬಿನ ಚೂರು, ಒಡೆದ ಬಳೆ. ತೊಟ್ಟಿಗೆ ಹಾಕಿ ಕೈತೊಳೆದುಕೊಂಡವನು ತಾನೊಬ್ಬನೇ ಅಲ್ಲ ಎಂದು ತಿಳಿದರೂ ಅವನಿಗೆ ಸಮಾಧಾನವೇನೂ ಆಗಲಿಲ್ಲ. ಕನ್ನಿಯಮ್ಮಾಳ್ ಅವನ ಪಕ್ಕದಲ್ಲೇ ಮಣ್ಣು ಎಳೆದು ಕೊಟ್ಟಳು. ಮಧ್ಯಾಹ್ನ ಕಲಾ ಬುತ್ತಿ ತಂದವಳು, ಬುತ್ತಿ ಬಿಚ್ಚಿಟ್ಟು ತಾನೂ ಕೂತು ಆರಿಸಿದಳು.

ತೋಟ ಪೂರ್ತಿ ಮುಗಿಯುವವರೆಗೆ ಕಂಪನಿಯ ಬಾಗಿಲು ಮುಚ್ಚಿಯೇ ಇತ್ತು. ಅಷ್ಟರಲ್ಲಿ ಬಾಗಿಲ ಪಕ್ಕದಲ್ಲಿ ಮುಚ್ಚಳದ ಡ್ರಮ್ಮೊಂದು ಬಂದು ಕೂತಿತ್ತು. ಇನ್ನು ಮೈಲ್‌ಸಾಮಿಯೇ ಹೊಟ್ಟೆ ಒಳಗೆಳೆದುಕೊಂಡು ಒಳಗೆ ಹೋಗಬೇಕು. ಒಡೆದ ಗಾಜಿಗೆ ಬೇರೆ ಚೀಲ. ಹಳೆ ಬಾಟಲಿ ಕೊಳ್ಳುವವನಿಗೆ ಹೇಳಿಟ್ಟಾಯಿತು. ಪಕ್ಕದ ಕ್ಷೌರದಂಗಡಿಯ ತಂಗವೇಲುವಿಗೂ ಹೋಗಿ ಹೇಳಿದ. ಬ್ಲೇಡಿನ ಮಾತು ಎತ್ತಿದಾಗ ತಂಗವೇಲು, "ತೊಟ್ಟಿಗೆ ತಾನೆ ಹಾಕ್ತಿರೋದು?" ಎಂದು ತಮಿಳಿನಲ್ಲಿ ಕೇಳಿದ. ಮೈಲ್‌ಸಾಮಿ ವಾದ ಮಾಡಲಿಲ್ಲ. "ಒಂದು ಸಲ ನನ್ನ ಜೊತೆ ತೋಟಕ್ಕೆ ಬಾ" ಎಂದ.

ಜರಡಿ ಹಿಡಿದು ಮುಗಿದ ದಿನ ಹೆಂಗಸರನ್ನು ಕರೆಸಿದರು. ಬಂದರು, ಆದರೆ ಬದುವಿನ ಮೇಲೇ ನಿಂತರು. ರಾಮಾತಾಳ್ ಮಣ್ಣನ್ನು ದಿಟ್ಟಿಸಿ ನೋಡಿದಳು. ಮಣ್ಣು ಮೊದಲಿನಂತೆಯೇ ಇತ್ತು. ನೋಡಿ ನಂಬುವುದಾದರೂ ಹೇಗೆ?

ಮೈಲ್‌ಸಾಮಿ ಪಂಚೆ ಎತ್ತಿ ಕಟ್ಟಿ ಬರಿಗಾಲಲ್ಲಿ ಇಳಿದ. ಮೊದಲ ಸಾಲಿನ ತುದಿಯಿಂದ ನಡೆಯತೊಡಗಿದ. ಮೆತ್ತಗೆ ಅಲ್ಲ, ಈರುಳ್ಳಿ ಒತ್ತುವವರು ಊರುವಂತೆ ಹಿಮ್ಮಡಿ ಊರಿ ಊರಿ. ಒಂದು ಚೂರು ಉಳಿದಿದ್ದರೆ ಅದು ತನಗೇ ಸಿಗಲಿ ಎಂದುಕೊಂಡ. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ, ಅದು ಮುಗಿಸಿ ಮುಂದಿನದಕ್ಕೆ ತಿರುಗಿದ. ಒಂದನ್ನೂ ಬಿಡಲಿಲ್ಲ. ಬಿಸಿಲು ನೆತ್ತಿಗೇರಿತು. ಹೆಂಗಸರು ಬದುವಿನ ಮೇಲಿಂದ ನೋಡಿದರು. ಕನ್ನಿಯಮ್ಮಾಳ್ ಒಮ್ಮೆ "ಸಾಕು ತಮ್ಮಾ" ಎಂದಳು, ಅವನು ಕೇಳಲಿಲ್ಲ.

ಕೊನೆಯ ಸಾಲು ಮುಗಿಸಿ ಬದುವಿಗೆ ಬಂದಾಗ ರಾಮಾತಾಳ್ ಎದುರಿಗೆ ಬಂದು ನಿಂತಳು.

"ಅಣ್ಣಾ, ತಪ್ಪು ತಿಳ್ಕೋಬೇಡಿ. ಕಾಲು ತೋರ್ಸಿ."

ಕನ್ನಿಯಮ್ಮಾಳ್ ಗಾಬರಿಯಾದಳು. ಯಜಮಾನನೊಬ್ಬನಿಗೆ ಕೂಲಿ ಹೆಂಗಸು ಹಾಗೆ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಮೈಲ್‌ಸಾಮಿ ಬದುವಿನ ಮೇಲೆ ಕೂತ. ಕೂತು, ಒಂದಾದ ಮೇಲೊಂದು ಎರಡು ಅಂಗಾಲನ್ನೂ ಅವಳ ಕಡೆಗೆ ಎತ್ತಿ ಹಿಡಿದ.

ರಾಮಾತಾಳ್ ಬಗ್ಗಿದಳು. ಸೆರಗಿನ ತುದಿಯಿಂದ ಮಣ್ಣು ಒರೆಸಿ, ಹಿಮ್ಮಡಿ ನೋಡಿದಳು, ಬೆರಳ ಸಂದು ನೋಡಿದಳು. ಎಲ್ಲೂ ರಕ್ತವಿರಲಿಲ್ಲ. ಅವಳು ನೆಟ್ಟಗೆ ನಿಂತು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ವಾಸಿಯಾಗುತ್ತಿದ್ದ ಆ ಕಾಲನ್ನೇ ಮೊದಲು ಸಾಲಿಗೆ ಇಟ್ಟು, ಬದುವಿನ ಕಡೆ ತಿರುಗಿ ಕೂಗಿದಳು:

"ಏನ್ರೇ ನಿಂತ್ಕೊಂಡು ನೋಡ್ತಿದ್ದೀರಾ? ವೆಂಗಾಯ ಎತ್ಕೊಂಡು ಇಳೀರಿ!"