ಮಗ್ಗುಲಿನಿಂದ ತೆಗೆದ ಫೋಟೋ

೧೯೬೬ರ ಚಳಿಗಾಲದ ಒಂದು ಮಧ್ಯಾಹ್ನ ಅಕಿವಾಟದ ರೈತ ಭೀಮಗೊಂಡರನ್ನು ಜೀಪಿನಲ್ಲಿ ಮಲಗಿಸಿ ಕೊಲ್ಹಾಪುರದ ದವಾಖಾನೆಗೆ ತಂದರು. ಕಬ್ಬಿನ ಹೊಲದಲ್ಲಿ ನಿಂತವರಿಗೆ ಹೊಟ್ಟೆಯಿಂದ ಬೆನ್ನಿಗೆ ಚೂರಿ ಇಳಿದಂಥ ನೋವು ಬಂದು, ಕಣ್ಣು ಕತ್ತಲಿಟ್ಟು ಬಿದ್ದಿದ್ದರು. ಮೂತ್ರಪಿಂಡದಲ್ಲಿ ಹರಳಿರಬೇಕೆಂದು ಊರಿನ ಡಾಕ್ಟರು ಹೇಳಿ ಕಳಿಸಿದ್ದರು.

ಎಕ್ಸ್‌ರೇ ವಿಭಾಗದ ಡಾಕ್ಟರ್ ಶಾಲನ ಇಚಲಕರಂಜಿಯ ನೂಲಿನ ವ್ಯಾಪಾರಿಯ ಮಗಳು, ಮುಂಬಯಿಯಲ್ಲಿ ಕಲಿತವಳು. ಅವಳು ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಅಂಗೈ ಕೆಳಗೆ ಗಡ್ಡೆಯೊಂದು ನಾಡಿಯಂತೆ ಬಡಿಯುತ್ತಿತ್ತು.

"ನರಕ್ಕ ಔಷಧ ಕೊಟ್ಟು ಕಿಡ್ನಿ ಫೋಟೋ ತಗೀರಿ," ಎಂದರು ಸರ್ಜನ್ ಅಭಯಕುಮಾರ.

"ಅದಕ್ಕ ತಾಸ ಹಿಡೀತೈತ್ರಿ ಸರ್. ಇವರು ಅಷ್ಟೊತ್ತು ತಡಿಯಾಂಗಿಲ್ಲ. ಮಲಗಿದಲ್ಲೇ ಎರಡು ಫೋಟೋ ತಗೀತೇನಿ. ನೀವು ರಕ್ತ ತರಸ್ರಿ, ಆಪರೇಶನ್ ಖೋಲಿ ತಯಾರ ಮಾಡಸ್ರಿ."

"ಫೋಟೋ ನೋಡೂಕಿಂತ ಮೊದಲ?"

"ಹೌದ್ರಿ. ಹೊಟ್ಟ್ಯಾಗ ಗಡ್ಡಿ ನಾಡಿಯಂಗ ಬಡ್ಯಾಕತ್ತೈತ್ರಿ."

ನೀರು ತೊಟ್ಟಿಕ್ಕುತ್ತಿದ್ದ ಫಿಲ್ಮನ್ನೇ ಅವಳು ಬೆಳಕಿಗೆ ಹಿಡಿದಳು. ಮಗ್ಗುಲಿನಿಂದ ತೆಗೆದದ್ದರಲ್ಲಿ, ಬೆನ್ನೆಲುಬಿನ ಮುಂದೆ, ಸುಣ್ಣದ ಗೆರೆಯಂಥ ತೆಳು ಬಿಳಿ ಅಂಚು ಮುಂದಕ್ಕೆ ಉಬ್ಬಿ ನಿಂತಿತ್ತು. ಎದುರಿನಿಂದ ತೆಗೆದದ್ದರಲ್ಲಿ ಬೆನ್ನೆಲುಬಿನ ಎಡಗಡೆಯ ಸ್ನಾಯುವಿನ ನೆರಳು ಅಳಿಸಿಹೋಗಿತ್ತು.

"ದೊಡ್ಡ ರಕ್ತನಾಳ ಉಬ್ಬಿ ಒಡದೈತ್ರಿ. ರಕ್ತ ಹಿಂದ ಎಡಕ್ಕ ಸೋರಾಕತ್ತೈತಿ."

ಅಭಯಕುಮಾರ ಫಿಲ್ಮನ್ನೇ ನೋಡುತ್ತ ನಿಂತರು. "ಮುಂಬಯಿಗೆ ಕಳಸೂಣೇನು?"

"ದಾರ್‍ಯಾಗ ಹೋಗಿಬಿಡ್ತಾರ್ರಿ."

ಅಭಯಕುಮಾರ ತಾವು ಮುಂಬಯಿಯಿಂದ ಬರುವಾಗ ತಂದಿಟ್ಟಿದ್ದ, ಒಡೆದ ರಕ್ತನಾಳದ ಜಾಗಕ್ಕೆ ಹೊಲಿಯುವ ಟೆರಿಲಿನ್ ಬಟ್ಟೆಯ ಕೊಳವೆಗಳನ್ನು ಕುದಿಸಲು ಹೇಳಿ ಕೈ ತೊಳೆಯಲು ಹೋದರು.

ಹೊರಗೆ ಭೀಮಗೊಂಡರ ಹೆಂಡತಿ ಬಾಳಕ್ಕ ಕೂತಿದ್ದಳು. ಶಾಲನ ಅವಳ ಪಕ್ಕದಲ್ಲೇ ಕೂತಳು. "ಅವ್ವಾ, ಇದು ಹರಳಲ್ಲ. ಹೊಟ್ಟ್ಯಾಗಿನ ದೊಡ್ಡ ನರ ಒಡದೈತಿ. ಕೊಯ್ದ್ರ ಉಳೀಬಹುದು, ಬಿಟ್ರ ಉಳ್ಯಾಂಗಿಲ್ಲ."

"ನೀವು ಕಣ್ಣಿಲೆ ನೋಡೀರೇನ್ರಿ ಬಾಯಾರ?"

"ನೋಡೇನಿ."

"ಹಂಗಾದ್ರ ಮಾಡ್ರಿ," ಎಂದು ಬಾಳಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊತ್ತು ಮುಳುಗುವಾಗ ಅಭಯಕುಮಾರ ಹೊರಗೆ ಬಂದರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. "ನೀವು ತೋರಿಸಿದ ಜಾಗಾದಾಗ ಒಡದಿತ್ರಿ. ಕೊಳವಿ ಹೊಲದೇನಿ. ಕಾಲಿನ ನಾಡಿ ಸಿಗಾಕತ್ತಾವು." ಶಾಲನ ಬಾಳಕ್ಕನ ಕೈ ಹಿಡಿದುಕೊಂಡಳು.

ಭೀಮಗೊಂಡ ಉಳಿದರು. ರಕ್ತ ಸಾಲದೆ ಎಡಗಾಲಿನ ಎರಡು ಬೆರಳು ಕಪ್ಪಿಟ್ಟು ಹೋದವು. ಮೂತ್ರ ಕೆಲವು ದಿನ ಕಟ್ಟಿ ಎಲ್ಲರನ್ನೂ ಹೆದರಿಸಿ, ಆಮೇಲೆ ಸರಿಯಾಯಿತು. ಎದ್ದು ಕೂರುವಂತಾದ ಕೂಡಲೇ ಅವರು ತಕರಾರು ತೆಗೆದರು: "ಕಬ್ಬಿನ ಗಾಣ ಸುರು ಆಗ್ಯಾವ. ನನ್ನ ಮನಿಗೆ ಕಳಸ್ರಿ."

"ಇವರು ನನ್ನ ಮಾತ ಕೇಳಾಂಗಿಲ್ರಿ ಬಾಯಾರ. ನೀವ ಹೇಳ್ರಿ," ಎಂದಳು ಬಾಳಕ್ಕ.

"ಹೋಳಿ ತನಕ ಗಾಣದ ಕಡೆ ಮುಖ ಹಾಕೂಹಂಗಿಲ್ರಿ," ಎಂದಳು ಶಾಲನ.

ಭೀಮಗೊಂಡ ಗೊಣಗುತ್ತ ಮತ್ತೆ ಮಲಗಿದರು.